ಕಂಠಪಾಠದಿಂದ ಶೀಲ ಬರುವುದಿಲ್ಲ

(ಇಂಡಿಯಲ್ಲಿ ನಡೆದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯಗುರುಗಳೊಬ್ಬರು ಮಾಡಿದ ಉಪನ್ಯಾಸ)



ಗೋಷ್ಠಿಯ ಕಾರ್ಯದರ್ಶಿಗಳು ನನಗೆ ಫೋನು ಮಾಡಿ, "ವಚನಗಳಲ್ಲಿ ನೈತಿಕ ಶಿಕ್ಷಣ ಅನ್ನೋ ವಿಷಯದ ಮ್ಯಾಲೆ ಅರ್ಧ ತಾಸು ಮಾತಾಡ್ರಿ ಸರ" ಎಂದರು. ವಚನಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿ ಹತ್ತು ಜನರಾದರೂ ಕುಳಿತಿದ್ದೀರಿ. ನಾನು ಬಲ್ಲದ್ದು ಆರು, ಏಳನೆಯ ತರಗತಿಯ ಮಕ್ಕಳನ್ನು. ಅದಕ್ಕಾಗಿ ವಿಷಯವನ್ನು ಸ್ವಲ್ಪ ತಿರುಗಿಸಿಕೊಳ್ಳಲು ಅವರ ಅಪ್ಪಣೆ ಕೇಳಿದೆ. ಮಕ್ಕಳ ಶೀಲಕ್ಕಾಗಿ ನಮ್ಮ ಶಾಲೆಯಲ್ಲಿ ಏನೇನು ಮಾಡಿದೆವು, ಅದಕ್ಕೆ ಊರು ಏನೆಂದಿತು ಎಂಬುದನ್ನಷ್ಟೇ ಹೇಳುತ್ತೇನೆ. ಊರಿನ ಹೆಸರನ್ನಾಗಲಿ ಮಕ್ಕಳ ಹೆಸರನ್ನಾಗಲಿ ಹೇಳುವುದಿಲ್ಲ. ಅವರೆಲ್ಲ ಇನ್ನೂ ಅದೇ ಊರಿನಲ್ಲಿ ಬಾಳಿ ಬದುಕಬೇಕಾದವರು.

ಆರು, ಏಳನೆಯ ತರಗತಿಯೇ ಏಕೆ ಎಂದು ಕೇಳಬಹುದು. ಒಂದನೆಯ ತರಗತಿಯ ಮಗು ಗುರುಗಳು ಹೇಳಿದ್ದನ್ನೆಲ್ಲ ನಂಬುತ್ತದೆ. ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ಅವನು ಲೆಕ್ಕ ಹಾಕಲು ಕಲಿತಿರುತ್ತಾನೆ. ಯಾರ ಮುಂದೆ ಹೇಗಿರಬೇಕೆಂದು ಗೊತ್ತಾಗಿರುತ್ತದೆ. ನಡುವಿನ ಹನ್ನೊಂದು, ಹನ್ನೆರಡು ವರ್ಷದ ಮಗುವಿಗೆ ಮಾತ್ರ ಒಂದು ಚಟ ಇರುತ್ತದೆ. ಸತ್ಯ ಹೇಳಬೇಕು ಎಂದು ನೀವು ಹೇಳಿದರೆ, "ನೀವು ಹೇಳ್ತೀರೇನ್ರಿ ಸರ?" ಎಂದು ಕೇಳುತ್ತದೆ. ಬಾಯಿಬಿಟ್ಟು ಕೇಳದಿದ್ದರೆ ಕಣ್ಣಿನಿಂದ ಕೇಳುತ್ತದೆ. ಬಾಗೇವಾಡಿಯ ಹುಡುಗನೊಬ್ಬ ಎಂಟನೆಯ ವಯಸ್ಸಿಗೇ ಮನೆಯವರನ್ನು ಹಾಗೆ ಕೇಳಿದ ಎಂದು ನಾವೆಲ್ಲ ನಂಬಿ ಬಂದಿದ್ದೇವೆ. ಅಕ್ಕನಿಗಿಲ್ಲದ ಜನಿವಾರ ನನಗೇಕೆ ಎಂದ ಆ ಕಥೆಯನ್ನು ನಮ್ಮ ಪ್ರವಚನಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ನಮ್ಮದೇ ಮನೆಯ ಮೊಮ್ಮಗ ಅಂಥ ಪ್ರಶ್ನೆ ಕೇಳಿದರೆ "ಉದ್ದ ಮಾತಾಡಬ್ಯಾಡ" ಎನ್ನುತ್ತೇವೆ.

ಈ ವಿಷಯದಲ್ಲಿ ನಮ್ಮ ತಾಲೂಕಿಗೆ ಹಳೆಯ ನೆನಪೊಂದಿದೆ. ಇಲ್ಲಿಗೆ ಹತ್ತಿರದ ಸಾಲೋಟಗಿಯ ಕಂಬದ ಶಾಸನದ ಬಗ್ಗೆ ಹಿರಿಯರು ಕೇಳಿರುತ್ತೀರಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು, ಕ್ರಿ.ಶ. 945ರದ್ದು. ಆಗ ಆ ಊರಿನ ಹೆಸರು ಪಾವಿಟ್ಟಗೆ. ರಾಜನ ಮಂತ್ರಿ ನಾರಾಯಣ ಎಂಬವನು ಅಲ್ಲಿ ಒಂದು ಶಾಲೆ ಕಟ್ಟಿಸಿದ. ದೂರದೂರದ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರು ಉಳಿಯಲು 27 ಮನೆಗಳಿದ್ದವು. ಶಾಲೆಯ ಖರ್ಚಿಗೆ 500 ನಿವರ್ತನ ಭೂಮಿ, ದೀಪದ ಎಣ್ಣೆಗೇ ಬೇರೆ 12 ನಿವರ್ತನ ಭೂಮಿ ಬಿಟ್ಟಿದ್ದರು. ಊರಲ್ಲಿ ಮದುವೆಯಾದರೆ ಐದು ನಾಣ್ಯ, ಮುಂಜಿಯಾದರೆ ಎರಡೂವರೆ, ಚೌಲವಾದರೆ ಒಂದೂಕಾಲು ನಾಣ್ಯ ಶಾಲೆಗೆ ಸಲ್ಲಬೇಕು ಎಂದು ಬರೆಸಿದ್ದರು. ಸಾವಿರ ವರ್ಷಗಳ ಹಿಂದೆ ಮಕ್ಕಳ ಓದಿನ ದೀಪಕ್ಕೆ ಎಣ್ಣೆ ಎಲ್ಲಿಂದ ಬರಬೇಕೆಂದು ಯೋಚಿಸಿದ ನೆಲ ಇದು. ನನಗೆ ಅದರ ಬಗ್ಗೆ ಬಹಳ ಅಭಿಮಾನವಿದೆ.

ಆದರೆ ಆ ಶಾಲೆಯಲ್ಲಿ ಕೂರುವ ಹಕ್ಕು ಯಾರಿಗಿತ್ತು ಎಂಬುದು ಆ ಕಾಣಿಕೆಯ ಲೆಕ್ಕದಲ್ಲೇ ತಿಳಿಯುತ್ತದೆ. ಮುಂಜಿಯಾಗುವ ಮನೆಗಳವರದೇ ಆ ಶಾಲೆ. ಸುಮಾರು ಎರಡು ನೂರು ವರ್ಷಗಳ ಮೇಲೆ ಬಾಗೇವಾಡಿಯ ಹುಡುಗ ಬೇಡವೆಂದು ಬಿಟ್ಟುಹೋದದ್ದೂ ಅದೇ ಮುಂಜಿಯನ್ನು. ಕಲ್ಯಾಣದಲ್ಲಿ ಆಮೇಲೆ ನಡೆದದ್ದನ್ನು ನಾನೊಂದು ಶಾಲೆಯೆಂದೇ ತಿಳಿಯುತ್ತೇನೆ. ಅಲ್ಲಿ ಅಂಬಿಗನೂ ಮಡಿವಾಳನೂ ಕಸ ಗುಡಿಸುವ ಸತ್ಯಕ್ಕನೂ ಅಕ್ಕಿ ಆಯುವ ಲಕ್ಕಮ್ಮನೂ ಒಂದೇ ಕಡೆ ಕುಳಿತು ಮಾತಾಡಿದರು. ಹಾಗೆ ಕೂತದ್ದೇ ಅಲ್ಲಿನ ಮೊದಲ ಪಾಠ. ಅವರ ಮಾತುಗಳು ವಚನಗಳಾಗಿ ನಮ್ಮ ಕೈಸೇರಿದ್ದು ಆಮೇಲೆ.

ಈಗ ನಮ್ಮ ಕಾಲಕ್ಕೆ ಬರೋಣ. ನಮ್ಮ ಜಿಲ್ಲೆಯಲ್ಲಿ ಲಿಂಗಾಯತರು ವಿದ್ಯೆಗಾಗಿ ಪಟ್ಟ ಕಷ್ಟ ಸಣ್ಣದಲ್ಲ. 1910ರಲ್ಲಿ ವಿಜಾಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಹುಟ್ಟಿತು. ಫ.ಗು. ಹಳಕಟ್ಟಿಯವರು ವಕೀಲಿ ವೃತ್ತಿಯ ನಡುವೆ ಓಲೆಗರಿಗಳನ್ನು ಹುಡುಕುತ್ತ ತಿರುಗಿ 1923ರಲ್ಲಿ 'ವಚನಶಾಸ್ತ್ರ ಸಾರ'ವನ್ನು ಹೊರತಂದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ನಮ್ಮದೇ ತಾಲೂಕಿನ ಬಂಥನಾಳದ ಸಂಗನಬಸವ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿದ್ದನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. ವಚನಗಳು ನಮ್ಮ ಕೈಗೆ ಸಿಕ್ಕದ್ದು ಇಂಥವರಿಂದ. ನಾವು ಅವುಗಳನ್ನು ಏನು ಮಾಡಿದೆವು? ಕಂಠಪಾಠ ಸ್ಪರ್ಧೆ ಇಟ್ಟೆವು.

ಸಿಟ್ಟಾಗಬೇಡಿ. ನಾನೂ ಅಂಥ ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಹೋಗಿದ್ದೇನೆ. ಮಕ್ಕಳ ನಾಲಿಗೆ ತಿದ್ದುತ್ತದೆ, ನೆನಪಿನ ಶಕ್ತಿ ಬೆಳೆಯುತ್ತದೆ, ಕನ್ನಡ ಬರುತ್ತದೆ, ಅವು ನಡೆಯಲಿ. ಬಸವಣ್ಣನವರ ಏಳು ಮಾತಿನ ವಚನ ನಮ್ಮ ಏಳನೆಯ ತರಗತಿಯ ಮಕ್ಕಳಿಗೆಲ್ಲ ಬಾಯಿಗೆ ಬರುತ್ತದೆ. ಮುಸಲ್ಮಾನರ ಮಕ್ಕಳಿಗೂ ತಾಂಡಾದ ಮಕ್ಕಳಿಗೂ ಬರುತ್ತದೆ. ಅದೇ ಮಕ್ಕಳು ಮಾರ್ಚ್ ತಿಂಗಳಲ್ಲಿ ಏನು ಮಾಡುತ್ತಿದ್ದರು ಎಂಬುದನ್ನೂ ಹೇಳಬೇಕಲ್ಲ. ಹತ್ತನೆಯ ತರಗತಿಯ ಪರೀಕ್ಷೆ ನಡೆಯುವಾಗ ಕಂಪೌಂಡಿನ ಹೊರಗೆ ನಿಂತು, ಅಣ್ಣಂದಿರಿಗೆ ಕಿಟಕಿಯಿಂದ ಚೀಟಿ ಒಯ್ದುಕೊಡುವವರು ಸಣ್ಣ ಹುಡುಗರೇ. ಚೀಟಿ ಬರೆದುಕೊಟ್ಟವರು ಹಿರಿಯರು. ನಮ್ಮ ಭಾಗದಲ್ಲಿ ಇದನ್ನು ನೋಡದವರು ಯಾರಿದ್ದೀರಿ? 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. ಮಕ್ಕಳು ಒಂದೇ ವರ್ಷದಲ್ಲಿ ಇದ್ದಕ್ಕಿದ್ದಂತೆ ದಡ್ಡರಾಗುವುದಿಲ್ಲ. ಕ್ಯಾಮೆರಾ ಕಂಡದ್ದು ಮಕ್ಕಳಿಗಿಂತ ಹೆಚ್ಚಾಗಿ ನಮ್ಮನ್ನು, ದೊಡ್ಡವರನ್ನು.

ಅಮೆರಿಕದಲ್ಲಿ ನೂರು ವರ್ಷಗಳ ಹಿಂದೆ ಹಾರ್ಟ್‌ಶೋರ್ನ್ ಮತ್ತು ಮೇ ಎಂಬ ಇಬ್ಬರು ವಿದ್ವಾಂಸರು ಇದೇ ವಿಷಯವನ್ನು ಪರೀಕ್ಷೆ ಮಾಡಿ ನೋಡಿದರು. 1928ರಿಂದ 1930ರವರೆಗೆ ಅವರ ಗ್ರಂಥ ಮೂರು ಸಂಪುಟಗಳಲ್ಲಿ ಬಂತು. ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಪರೀಕ್ಷೆ ಬರೆಸಿದರು. ಉತ್ತರ ಪತ್ರಿಕೆಗಳನ್ನು ಒಯ್ದು ಗುಟ್ಟಾಗಿ ನಕಲು ಮಾಡಿಟ್ಟುಕೊಂಡು, ಮರಳಿ ಮಕ್ಕಳ ಕೈಗೇ ಕೊಟ್ಟು, ನಿಮ್ಮದನ್ನು ನೀವೇ ತಿದ್ದಿಕೊಳ್ಳಿ ಎಂದರು. ಯಾರು ಉತ್ತರ ತಿದ್ದಿ ಅಂಕ ಹೆಚ್ಚಿಸಿಕೊಂಡರು ಎಂದು ಆಮೇಲೆ ಹೋಲಿಸಿ ನೋಡಿದರು. ಅವರು ಕಂಡದ್ದೇನೆಂದರೆ, ಪ್ರಾಮಾಣಿಕತೆ ಒಳ್ಳೆಯದೆಂದು ಗೊತ್ತಿದ್ದ ಮಕ್ಕಳೂ ಮೋಸ ಮಾಡಿದ್ದರು. ಒಂದು ಕಡೆ ಮೋಸ ಮಾಡಿದ ಮಗು ಇನ್ನೊಂದು ಕಡೆ ಪ್ರಾಮಾಣಿಕವಾಗಿತ್ತು. ನೀತಿ ಕಲಿಸಲೆಂದೇ ಇದ್ದ ಸಂಘಗಳಿಗೆ ಸೇರಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಿರಲಿಲ್ಲ. ವ್ಯತ್ಯಾಸ ಕಂಡದ್ದು ತರಗತಿಯ ವಾತಾವರಣದಲ್ಲಿ; ಗುರುಗಳು ಮತ್ತು ಮಕ್ಕಳ ನಡುವೆ ಸಹಕಾರವಿದ್ದ ಕಡೆ ಮೋಸ ಕಡಿಮೆಯಿತ್ತು. ಅವರ ದೇಶ ಬೇರೆ, ಕಾಲ ಬೇರೆ. ಆದರೂ ನಮ್ಮ ಊರಿನ ಶಾಲೆಗೆ ಬಂದು ನೋಡಿಯೇ ಬರೆದಂತಿದೆ.

ನಮ್ಮ ದೇಶದಲ್ಲಿ ನೈತಿಕ ಶಿಕ್ಷಣದ ಮಾತು ತಲೆಮಾರಿಗೊಮ್ಮೆ ಏಳುತ್ತದೆ. 1959ರಲ್ಲಿ ಶ್ರೀಪ್ರಕಾಶ ಸಮಿತಿ, ಅದಾದ ಮೇಲೆ 1964-66ರ ಕೊಠಾರಿ ಆಯೋಗ. ವಾರಕ್ಕೆ ಒಂದೆರಡು ಪೀರಿಯಡ್ ಇಡಬೇಕು ಎಂದು ಆಯೋಗ ಹೇಳಿತ್ತು. 2023ರ ಜನವರಿಯಲ್ಲಿ ನಮ್ಮ ರಾಜ್ಯದ ಆಗಿನ ಶಿಕ್ಷಣ ಸಚಿವರು ಮಠಾಧೀಶರನ್ನೂ ಶಿಕ್ಷಣ ತಜ್ಞರನ್ನೂ ಬೆಂಗಳೂರಿಗೆ ಕರೆಸಿ ಸಭೆ ಮಾಡಿದ್ದು ನಿಮಗೆ ನೆನಪಿರಬಹುದು. ಪೀರಿಯಡ್ ಇಟ್ಟರೆ ನನ್ನ ತಕರಾರಿಲ್ಲ. ಆದರೆ ಪೀರಿಯಡ್ ಇಟ್ಟರೆ ಪುಸ್ತಕ ಬೇಕು, ಪುಸ್ತಕ ಬಂದರೆ ಪ್ರಶ್ನೆಪತ್ರಿಕೆ ಬರುತ್ತದೆ, ಪ್ರಶ್ನೆಪತ್ರಿಕೆ ಬಂದ ಮೇಲೆ ಗೈಡು ಬರುತ್ತದೆ. ಕೊನೆಗೆ ನೀತಿಶಿಕ್ಷಣದ ಪರೀಕ್ಷೆಗೂ ಚೀಟಿ ಒಯ್ಯುವ ಹುಡುಗ ಹುಟ್ಟುತ್ತಾನೆ.

ಹೀಗೆಂದುಕೊಂಡು ನಾವು ಶಿಕ್ಷಕರು ಒಂದು ಜೂನ್ ತಿಂಗಳಲ್ಲಿ ಕುಳಿತು ಮಾತಾಡಿದೆವು. ಹೊಸ ಪಾಠ ಏನೂ ಬೇಡ. ಶಾಲೆಯಲ್ಲಿ ಈಗಾಗಲೇ ದಿನಾ ನಡೆಯುವ ಕೆಲಸಗಳನ್ನೇ ಹಿಡಿಯೋಣ. ಊಟ, ಕಸ, ಪೆನ್ನು-ಪಟ್ಟಿ, ಜಗಳ. ಇನ್ನೊಂದು ಮಾತನ್ನೂ ಅಂದೇ ಗಟ್ಟಿ ಮಾಡಿಕೊಂಡೆವು. ನಮ್ಮದು ಸರ್ಕಾರಿ ಶಾಲೆ. ಸಂವಿಧಾನದ 28ನೆಯ ವಿಧಿಯ ಪ್ರಕಾರ ಪೂರ್ತಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಯಾವ ಧರ್ಮದ ಬೋಧನೆಯೂ ಸಲ್ಲದು. ನಮ್ಮಲ್ಲಿ ಎಲ್ಲ ಮನೆಗಳ ಮಕ್ಕಳೂ ಇದ್ದಾರೆ. ಹೀಗಾಗಿ ಇದಕ್ಕೆ ಕಾಯಕ ಎಂದಾಗಲಿ ದಾಸೋಹ ಎಂದಾಗಲಿ ಫಲಕ ಬರೆಸಲಿಲ್ಲ. ನನಗೆ ಆ ಮಾತುಗಳು ಗೊತ್ತು, ನಾನು ಅವುಗಳಿಂದಲೇ ಬಲ ಪಡೆದೆ. ಮಕ್ಕಳಿಗೆ ಅದು ಶಾಲೆಯ ಪದ್ಧತಿ ಅಷ್ಟೇ.

ಮೊದಲು ಊಟದ ಸಾಲು. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಇದು ಈ ಸಭೆಗೇ ಸಂಬಂಧಪಟ್ಟದ್ದು.

2021ರ ಡಿಸೆಂಬರಿನಲ್ಲಿ ಸರ್ಕಾರ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿತು. ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚಿರುವ ಜಿಲ್ಲೆಗಳೆಂದು ನಮ್ಮ ವಿಜಯಪುರವೂ ಅದರಲ್ಲಿ ಸೇರಿತ್ತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಆಗ ನಮ್ಮ ಸಮಾಜದ ಕೆಲವು ಸ್ವಾಮಿಗಳು ವಿರೋಧಿಸಿದ್ದು ಎಲ್ಲರಿಗೂ ಗೊತ್ತಿದೆ. ಆ ವಾದವನ್ನು ಇಲ್ಲಿ ಎತ್ತುವುದಿಲ್ಲ. ನಾನು ನೋಡಿದ್ದು ಮೊಟ್ಟೆಯನ್ನಲ್ಲ, ಸಾಲನ್ನು. ಬಡಿಸಲು ಅನುಕೂಲವೆಂದು ಅನೇಕ ಕಡೆ ಎರಡು ಸಾಲು ಮಾಡಿದರು, ಮೊಟ್ಟೆಯದೊಂದು, ಬಾಳೆಹಣ್ಣಿನದೊಂದು. ಅಂಥ ಕಡೆ ಹದಿನೈದು ದಿನ ಕಳೆದ ಮೇಲೆ ಹೋಗಿ ನೋಡಿ, ಆ ಎರಡು ಸಾಲುಗಳ ಹೆಸರು ಬದಲಾಗಿರುತ್ತದೆ. ನಾವು ಹೇಳಿಕೊಡುವುದೇ ಬೇಡ. ಬಾಳೆಹಣ್ಣಿನ ಸಾಲು ಮೇಲಿನ ಓಣಿಯದು, ಮೊಟ್ಟೆಯ ಸಾಲು ಕೆಳಗಿನ ಕೇರಿಯದು. ಮೊಟ್ಟೆ ತಿನ್ನಲು ಆಸೆಯಿದ್ದ ಲಿಂಗಾಯತರ ಹುಡುಗ ಅಪ್ಪನ ಹೆದರಿಕೆಗೆ ಬಾಳೆಹಣ್ಣಿನ ಸಾಲಿನಲ್ಲಿ ಕೂರುತ್ತಾನೆ. ಬಾಳೆಹಣ್ಣೇ ಬೇಕೆನ್ನುವ ಕೇರಿಯ ಹುಡುಗಿ ಆ ಸಾಲಿಗೆ ಹೋಗಲು ನಾಚುತ್ತಾಳೆ.

ನಮ್ಮಲ್ಲಿ ಒಂದೇ ಸಾಲು ಎಂದು ಗೊತ್ತುಮಾಡಿದೆವು. ಹಾಜರಿ ಪುಸ್ತಕದಲ್ಲಿ ಹೆಸರು ಯಾವ ಕ್ರಮದಲ್ಲಿದೆಯೋ ಅದೇ ಕ್ರಮದಲ್ಲಿ ಕೂರಬೇಕು. ಆರನೆಯ ತರಗತಿಯ ಮಕ್ಕಳು ಪಾಳಿಯ ಮೇಲೆ ಎರಡು ಬುಟ್ಟಿ ಹಿಡಿದುಕೊಂಡು ಬರುತ್ತಾರೆ. ಯಾರಿಗೆ ಏನು ಬೇಕೋ ಅದನ್ನು ಕೇಳಿ ಕೊಡುತ್ತಾರೆ. ಬಡಿಸುವವರು ಕೊನೆಗೆ ಉಣ್ಣಬೇಕು. ಶಿಕ್ಷಕರೂ ಅದೇ ಸಾಲಿನ ತುದಿಯಲ್ಲಿ ನೆಲದ ಮೇಲೆ ಕುಳಿತು ಅದೇ ಅನ್ನ ಉಣ್ಣಬೇಕು.

ಮೂರನೆಯ ದಿನ ಒಬ್ಬ ಹಿರಿಯರು ಬಂದರು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಕರಡಿಗೆ. ಊರಲ್ಲಿ ಮರ್ಯಾದಸ್ಥರು, ಶಾಲೆಗೆ ಗಡಿಯಾರ ಕೊಡಿಸಿದವರು. "ಮಾಸ್ತರ, ನಮ್ಮ ಮೊಮ್ಮಗನ್ನ ಬ್ಯಾರೆ ಕುಂದ್ರಸ್ರಿ. ನಮ್ಮದು ಲಿಂಗಪೂಜಿ ಇರೋ ಮನಿ" ಎಂದರು. "ಅಜ್ಜಾರ, ಅವ ಬಾಳಿಹಣ್ಣ ತಿಂತಾನ, ತಿನ್ಲಿ. ಯಾರೂ ಅವನ ತಾಟಿಗೆ ಮೊಟ್ಟಿ ಹಾಕಂಗಿಲ್ಲ. ಕುಂದ್ರೂದು ಮಾತ್ರ ಎಲ್ಲಾರ್ದೂ ಒಂದ ಸಾಲ್ರಿ" ಎಂದೆ. ಅವರು ಸುಮ್ಮನೆ ಹೋದರು. ಮರುದಿನದಿಂದ ಹುಡುಗ ಊಟದ ಹೊತ್ತಿಗೆ ಮನೆಗೆ ಹೋಗತೊಡಗಿದ.

ಇದು ಒಂದು ತಿಂಗಳಿಗಿಂತ ಹೆಚ್ಚು ನಡೆಯಿತು. ನಾವು ಆ ಹುಡುಗನಿಗೆ ಏನೂ ಅನ್ನಲಿಲ್ಲ. ಊಟವಾದ ಮೇಲೆ ಮಕ್ಕಳು ಕಬಡ್ಡಿ ಆಡುತ್ತಾರೆ. ಅವನು ಮನೆಯಿಂದ ಬರುವಷ್ಟರಲ್ಲಿ ತಂಡ ಹಂಚಿ ಮುಗಿದಿರುತ್ತಿತ್ತು. ಒಂದು ದಿನ ಅವನೇ ಬಂದು ಹಾಜರಿಯ ಪ್ರಕಾರ ತನ್ನ ಜಾಗದಲ್ಲಿ ಕುಳಿತ. ಅಜ್ಜ ಮತ್ತೆ ಬರಲಿಲ್ಲ. ಅವರ ಮನಸ್ಸು ಬದಲಾಯಿತೆಂದು ನಾನು ಹೇಳಲಾರೆ. ಮೊಮ್ಮಗನ ಹಟಕ್ಕೆ ಸೋತಿರಬಹುದು. ಅಷ್ಟಾದರೂ ಸಾಕೆಂದು ನಾವು ಉಂಡೆವು.

ಎರಡನೆಯದು ಕಸಬರಿಗೆ. ನಮ್ಮ ಶಾಲೆಗಳಲ್ಲಿ ಬೆಳಗ್ಗೆ ಬೇಗ ಬಂದು ಕೋಣೆ ಗುಡಿಸುವವರು ಹುಡುಗಿಯರು. ಯಾರೂ ಆಜ್ಞೆ ಮಾಡಿರುವುದಿಲ್ಲ, ಮನೆಯಲ್ಲಿ ನಡೆಯುವುದೇ ಇಲ್ಲೂ ನಡೆಯುತ್ತದೆ. ಹುಡುಗರು ಅಷ್ಟು ಹೊತ್ತು ಅಂಗಳದಲ್ಲಿ ಗೋಲಿ ಆಡುತ್ತಾರೆ. ನಾವು ಬೆಂಚಿನ ಪ್ರಕಾರ ಪಾಳಿ ಹಚ್ಚಿದೆವು. "ನಾವ್ಯಾಕ ಕಸಾ ಹೊಡಿಬೇಕ್ರಿ ಸರ? ಹುಡುಗ್ಯಾರು ಅದಾರಲ್ರಿ" ಎಂದು ಏಳನೆಯ ತರಗತಿಯ ಗಂಡುಮಕ್ಕಳು ಒಕ್ಕಟ್ಟಾಗಿ ಕೇಳಿದರು. ಹುಡುಗರಿಗಿಂತ ಹೆಚ್ಚು ಸಿಟ್ಟಾದವರು ತಾಯಂದಿರು. ಒಬ್ಬ ತಾಯಿ ಗೇಟಿನಲ್ಲೇ ನಿಂತು, "ಮನ್ಯಾಗ ಒಂದ ಚರಿಗಿ ನೀರ ತುಂಬಾಕ ಹಚ್ಚಿಲ್ಲ ನಾ ಅವಗ. ನೀವು ಕೈಯಾಗ ಕಸಬರಿಗಿ ಕೊಡ್ತೀರೇನ್ರಿ?" ಎಂದರು. ನಾನು ಅವರಿಗೆ ಗೋಡೆಯ ಮೇಲಿನ ಪಾಳಿಪಟ್ಟಿ ತೋರಿಸಿದೆ. ಶನಿವಾರದ ಸಾಲಿನಲ್ಲಿ ಮೊದಲನೆಯ ಹೆಸರು ನನ್ನದೇ ಇತ್ತು. "ಸಾಲಿ ಹೆಡ್ ಮಾಸ್ತರು ಕಸಾ ಹೊಡೀತಾರ" ಎಂಬ ಸುದ್ದಿ ಊರಲ್ಲಿ ನಾಲ್ಕು ದಿನ ನಗೆಪಾಟಲಾಯಿತು. ಐದನೆಯ ದಿನಕ್ಕೆ ಹಳತಾಯಿತು.

ಈ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಕಾಯಕದ ಹೆಸರು ಹೇಳಿ ಮಕ್ಕಳಿಂದ ಏನನ್ನು ಬೇಕಾದರೂ ಮಾಡಿಸಬಹುದು ಎಂದು ತಿಳಿದವರಿದ್ದಾರೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಸುದ್ದಿ ಓದಿ ನಾಡೇ ತಲೆತಗ್ಗಿಸಿತು. ಮಕ್ಕಳಿಂದ ಶೌಚಾಲಯ ತೊಳೆಸಕೂಡದೆಂದು ಸರ್ಕಾರ ಕಟ್ಟುನಿಟ್ಟಾಗಿ ಹೇಳಿದೆ, ಸರಿಯಾಗಿಯೇ ಹೇಳಿದೆ. ನಮ್ಮ ಶಾಲೆಯಲ್ಲಿ ಆ ಕೆಲಸಕ್ಕೆ ಕೂಲಿ ಕೊಟ್ಟು ದೊಡ್ಡವರನ್ನು ಕರೆಯುತ್ತೇವೆ, ಮಕ್ಕಳು ಆ ಕಡೆ ಹೋಗುವಂತಿಲ್ಲ. ಜಪಾನಿನಲ್ಲಿ ಮಕ್ಕಳೇ ಶಾಲೆ ಗುಡಿಸಿ ಒರೆಸುತ್ತಾರೆ ಎಂದು ವಾಟ್ಸಾಪಿನಲ್ಲಿ ವಿಡಿಯೋ ಕಳಿಸುವವರು ನನಗೆ ಬಹಳ ಜನ ಇದ್ದಾರೆ. ಅಲ್ಲಿ ಗುಡಿಸುವ ಕೆಲಸಕ್ಕೆ ಹುಟ್ಟಿನಿಂದಲೇ ಒಂದು ಓಣಿಯನ್ನು ಗೊತ್ತುಮಾಡಿದ ನಮ್ಮಂಥ ಪದ್ಧತಿಯಿಲ್ಲ. ನಮ್ಮಲ್ಲಿ ಕಸಬರಿಗೆ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಬೇಕು. ಹೊಸ ಶಿಕ್ಷಕರು ಬಂದಾಗಲೆಲ್ಲ "ನೀ ಬಾ ಇಲ್ಲಿ" ಎಂದು ಅವರ ಬೆರಳು ಯಾವ ಮಗುವಿನ ಕಡೆ ಹೋಗುತ್ತದೆಂದು ನಾನು ಮೊದಲ ವಾರ ಗಮನಿಸುತ್ತೇನೆ. ಅದಕ್ಕೇ ಪಾಳಿಪಟ್ಟಿ ಬರೆದು ಗೋಡೆಗೆ ಅಂಟಿಸಿರುವುದು. ಬೆರಳಿಗೆ ಕೆಲಸ ಇರಬಾರದು.

ಮೂರನೆಯದು ಪೆನ್ನಿನ ಪೆಟ್ಟಿಗೆ. ಇಂಥದ್ದನ್ನು ಬೇರೆ ಶಾಲೆಗಳಲ್ಲೂ ಮಾಡಿದ್ದಾರೆ, ನಮ್ಮ ಹೊಸ ಶೋಧವೇನಲ್ಲ. ವರಾಂಡದಲ್ಲಿ ಒಂದು ಕಪಾಟು. ಅದರಲ್ಲಿ ಪೆನ್ನು, ಪೆನ್ಸಿಲು, ರಬ್ಬರು, ಪಟ್ಟಿ, ಅವುಗಳ ಬೆಲೆಯ ಚೀಟಿ, ಪಕ್ಕದಲ್ಲಿ ಹಣ ಹಾಕುವ ಡಬ್ಬಿ. ಅಂಗಡಿಕಾರರಿಲ್ಲ. ಬೇಕಾದ್ದು ತೆಗೆದುಕೊಂಡು ಹಣ ಹಾಕಬೇಕು. ಶನಿವಾರ ಮಕ್ಕಳೇ ಎಣಿಸಿ ಎಷ್ಟು ಮಾಲು ಹೋಯಿತು, ಎಷ್ಟು ಹಣ ಬಂತು ಎಂದು ಕರಿಹಲಗೆಯ ಮೇಲೆ ಬರೆಯುತ್ತಾರೆ.

ಮೊದಲ ವಾರಗಳಲ್ಲಿ ಹಣ ಕಡಿಮೆ ಬಿತ್ತು. ನಿರೀಕ್ಷೆ ಇದ್ದದ್ದೇ. ಒಬ್ಬ ಶಿಕ್ಷಕರು ಚೀಲ ಹುಡುಕೋಣ ಎಂದರು. ಮತ್ತೊಬ್ಬರು ಕಪಾಟಿನ ಮೇಲೆ ದೇವರ ಫೋಟೋ ಇಡೋಣ ಎಂದರು. ಎರಡೂ ಕ್ಯಾಮೆರಾದ ಕೆಲಸವೇ ಆಗುತ್ತಿತ್ತು. ನಾವು ಶನಿವಾರದ ಸಭೆಯಲ್ಲಿ ಲೆಕ್ಕವನ್ನು ಮಕ್ಕಳ ಮುಂದಿಟ್ಟು, ಏನು ಮಾಡೋಣ ಎಂದು ಕೇಳಿ ಸುಮ್ಮನಾದೆವು. ಮೂರನೆಯ ಶನಿವಾರ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. "ಸರ, ರೊಕ್ಕ ಇಲ್ಲದವ ಏನ ಮಾಡಬೇಕ್ರಿ? ಕದೀಬಾರದು ಅಂತ ಗೊತ್ತೈತಿ. ಪೆನ್ ಇಲ್ಲಂದ್ರ ನೀವು ಕ್ಲಾಸಿನ್ಯಾಗ ಬೈತೀರಿ" ಎಂದ.

ಆ ಮಾತಿಗೆ ಶಿಕ್ಷಕರ ಕೋಣೆಯಲ್ಲಿ ಬಹಳ ಹೊತ್ತು ಚರ್ಚೆಯಾಯಿತು. ಕೊನೆಗೆ ದಾರಿ ತೋರಿಸಿದ್ದೂ ಮಕ್ಕಳೇ. ಡಬ್ಬಿಯ ಪಕ್ಕ ಒಂದು ಉದ್ರಿ ವಹಿ ಇಟ್ಟರು. ಹಣ ಇಲ್ಲದವರು ತಮ್ಮ ಹೆಸರು, ತೆಗೆದುಕೊಂಡ ವಸ್ತು ಬರೆಯಬೇಕು. ಹಣ ಬಂದಾಗ ತಾವೇ ಹೊಡೆದುಹಾಕಬೇಕು. ಯಾರೂ ಯಾರನ್ನೂ ಕೇಳುವಂತಿಲ್ಲ. ಅದರಿಂದ ಎಲ್ಲವೂ ಸರಿಹೋಯಿತು ಎನ್ನಲಾರೆ. ಈಗಲೂ ಕೆಲವು ಸಲ ಕೊರತೆ ಬೀಳುತ್ತದೆ. ಆದರೆ ವಹಿಯಲ್ಲಿ ಹೆಸರು ಬರೆಯಲು ಮಕ್ಕಳು ನಾಚದಂತಾದರು. ಸಾಲ ಬರೆದಿಡುವುದು ಕಳವಿನಂತೆ ಅವಮಾನವಲ್ಲ ಎಂದು ಬಡವರ ಮಗುವಿಗೆ ತಿಳಿದರೆ ಅದು ಸಣ್ಣ ಕಲಿಕೆಯಲ್ಲ. ರಸ್ತೆ ಗುಡಿಸುವಾಗ ದಾರಿಯಲ್ಲಿ ಬಂಗಾರ ಬಿದ್ದಿದ್ದರೂ ಮುಟ್ಟುವುದಿಲ್ಲವೆಂದು ಸತ್ಯಕ್ಕ ಆಣೆಯಿಟ್ಟಳು. ಸತ್ಯಕ್ಕನ ಆ ಧೈರ್ಯದ ಹಿಂದೆ, ಹಸಿದರೆ ಉಣ್ಣಲು ದಾಸೋಹವಿದ್ದ ಒಂದು ಕಲ್ಯಾಣವಿತ್ತು ಎಂಬುದನ್ನೂ ನಾವು ನೆನೆಯಬೇಕು. ಉಣ್ಣಲು ಇಲ್ಲದವನಿಗೆ ಬರೀ ಅಸ್ತೇಯ ಬೋಧಿಸುವುದು ಉಂಡವರಿಗೆ ಸುಲಭ.

ಕಿರುಪರೀಕ್ಷೆಗಳ ವಿಷಯ ಬೇಗ ಮುಗಿಸುತ್ತೇನೆ. ಅಂಕಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿದೆವು. ಮಕ್ಕಳು ನಕಲು ಮಾಡುವುದು ಬಹಳ ಸಲ ದುರಾಸೆಗಲ್ಲ, ಹೆದರಿಕೆಗೆ. ಮನೆಯಲ್ಲಿ ಬೆನ್ನಿಗೆ ಬೀಳುವ ಏಟಿಗೆ, ಶಾಲೆಯಲ್ಲಿ ನಾಲ್ಕು ಜನರ ಮುಂದೆ ಆಗುವ ನಾಚಿಕೆಗೆ. ಈಗ ಏಳನೆಯ ತರಗತಿಯವರು ವಾರದ ಗಣಿತ ಪರೀಕ್ಷೆಯನ್ನು ತಾವೇ ಬರೆದು ತಾವೇ ತಿದ್ದುತ್ತಾರೆ. ತಪ್ಪು ಉಳಿದ ಲೆಕ್ಕವನ್ನು ಗುರುಗಳ ಹತ್ತಿರ ತಂದರೆ ಅದನ್ನು ಮತ್ತೆ ಹೇಳಿಕೊಡುತ್ತಾರೆ. ತಪ್ಪು ತಂದವರಿಗೆ ಲಾಭ, ಮುಚ್ಚಿಟ್ಟವರಿಗೆ ನಷ್ಟ. ಇಷ್ಟು ಸರಳ ಏರ್ಪಾಡು ಹತ್ತನೆಯ ತರಗತಿಯವರೆಗೆ ಉಳಿಯುತ್ತದೆಯೇ ಎಂಬುದು ನಮ್ಮ ಕೈಯಲ್ಲಿಲ್ಲ. ಪ್ರೌಢಶಾಲೆಯವರು, ಅದಕ್ಕಿಂತ ಹೆಚ್ಚಾಗಿ ತಂದೆತಾಯಿಗಳು ಅದನ್ನು ಕಾಯಬೇಕು.

ಶನಿವಾರದ ಸಭೆಯ ಬಗ್ಗೆ ಇನ್ನೊಂದು ಸಂಗತಿ. ನಮ್ಮದು ಲಿಂಬೆಯ ತಾಲೂಕು. 2023ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಸೂಚಿಕೆ ಸಿಕ್ಕಿತೆಂದು ಎಲ್ಲರೂ ಸಂತೋಷಪಟ್ಟಿದ್ದೇವೆ. ಮ್ಯಾಲಿನ ಲಿಂಬೆ ದಪ್ಪ, ತಳದ ಲಿಂಬೆ ಸಣ್ಣ ಇರುವ ಚೀಲಗಳೂ ನಮ್ಮಲ್ಲಿ ಇಲ್ಲದಿಲ್ಲ. ಒಂದು ಶನಿವಾರ ಆರನೆಯ ತರಗತಿಯ ಹುಡುಗಿಯೊಬ್ಬಳು, "ಚೀಲ ತುಂಬುವಾಗ ದಪ್ಪ ಕಾಯಿ ಮ್ಯಾಲೆ ಇಡು ಅಂತ ನಮ್ಮಪ್ಪ ಹೇಳ್ತಾನ್ರಿ. ಅದೂ ಸುಳ್ಳ ಅಲ್ಲೇನ್ರಿ?" ಎಂದು ಕೇಳಿದಳು. ಮಕ್ಕಳೆಲ್ಲ ನನ್ನ ಮುಖ ನೋಡಿದರು. ಅಪ್ಪನನ್ನು ಮಗಳ ಮುಂದೆ ಕಳ್ಳನನ್ನಾಗಿ ಮಾಡುವುದು ನನ್ನ ಕೆಲಸವಲ್ಲ. ಸುಳ್ಳಲ್ಲ ಎಂದು ಹೇಳುವುದೂ ಆಗದು. "ಹೌದು, ಅದೂ ಸುಳ್ಳನ. ಅಪ್ಪಗ ಯಾಕ ಹಂಗ ಮಾಡಬೇಕಾಗೇತಿ ಅಂತ ಸಮಾಧಾನದಿಂದ ಕೇಳಿ ಬಾ" ಎಂದೆ. ಮುಂದಿನ ವಾರ ಅವಳು ತಂದ ಉತ್ತರ ಇಷ್ಟು: ಮಾರುಕಟ್ಟೆಯಲ್ಲಿ ಎಲ್ಲರೂ ಹಾಗೇ ತುಂಬುತ್ತಾರೆಂದು ವ್ಯಾಪಾರಿ ಮೊದಲೇ ಬೆಲೆ ಇಳಿಸಿ ಹಿಡಿಯುತ್ತಾನೆ, ತಾನೊಬ್ಬನೇ ನೇರ ತುಂಬಿದರೆ ತನಗಷ್ಟೇ ಲುಕ್ಸಾನು. ಆ ತಂದೆ ಮಗಳ ಪ್ರಶ್ನೆಗೆ ಬೈಯದೆ ಉತ್ತರ ಕೊಟ್ಟಿದ್ದಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಆದರೆ ಆ ಮಾತಿನಲ್ಲಿರುವ ಗಂಟನ್ನು ಆರನೆಯ ತರಗತಿಯವರು ಬಿಚ್ಚಲಾರರು. ಈ ಸಭೆಯಲ್ಲಿ ಲಿಂಬೆ ಬೆಳೆಯುವವರೂ ಇದ್ದೀರಿ, ಅಡತಿ ಅಂಗಡಿಯವರೂ ಇದ್ದೀರಿ. ಇಬ್ಬರೂ ಇಷ್ಟಲಿಂಗ ಪೂಜೆ ಮಾಡಿಕೊಂಡೇ ಪೇಟೆಗೆ ಹೋಗುತ್ತೀರಿ. ನೀವು ನೀವೇ ಕೂತು ಮಾತಾಡಿಕೊಂಡರೆ ಆ ಹುಡುಗಿಗೆ ನಾನು ಏನಾದರೂ ಹೇಳಬಹುದು.

ತಾಂಡಾದ ಮಕ್ಕಳ ಮಾತು ಹೇಳದೆ ಮುಗಿಸಲಾರೆ. ದೀಪಾವಳಿಯ ಸುಮಾರಿಗೆ ಅವರ ತಂದೆತಾಯಿಗಳು ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೋಗುತ್ತಾರೆ. ಅಜ್ಜಿ ಇದ್ದ ಮನೆಯ ಮಕ್ಕಳು ಊರಲ್ಲಿ ಉಳಿಯುತ್ತವೆ, ಉಳಿದವು ಗಾಡಿ ಹತ್ತುತ್ತವೆ. ಬೇಸಿಗೆಗೆ ಮರಳಿ ಬಂದಾಗ ತರಗತಿಯಲ್ಲಿ ಅವರ ಜಾಗ ಹೋಗಿರುತ್ತದೆ, ಪಾಠ ಹೋಗಿರುತ್ತದೆ, ಗೆಳೆಯರೂ ಹೋಗಿರುತ್ತಾರೆ. ನಮ್ಮಲ್ಲಿ ಹೋಗುವ ಪ್ರತಿ ಮಗುವಿಗೂ ಒಬ್ಬ ಜೊತೆಗಾರನನ್ನು ಗೊತ್ತುಮಾಡುತ್ತೇವೆ. ಆ ಮಗುವಿನ ಪಟ್ಟಿಯನ್ನು ಜೊತೆಗಾರ ಇಟ್ಟುಕೊಂಡು ದಿನದ ಪಾಠವನ್ನು ತನ್ನ ಪಟ್ಟಿಯಲ್ಲೂ ಅವನ ಪಟ್ಟಿಯಲ್ಲೂ ಬರೆಯುತ್ತಾನೆ. ಊಟದ ಸಾಲಿನಲ್ಲಿ ಅವನ ಜಾಗವನ್ನು ಖಾಲಿ ಬಿಡುತ್ತಾರೆ. ಇದನ್ನು ಮೊದಲು ಹೇಳಿದವಳು ಒಬ್ಬ ಸಹಶಿಕ್ಷಕಿ. ಎರಡು ಪಟ್ಟಿ ಬರೆಯುವುದು ಹನ್ನೊಂದು ವರ್ಷದ ಕೈಗೆ ಸಣ್ಣ ಕೆಲಸವಲ್ಲ. ಕೆಲವರು ನಡುವೆ ಬಿಟ್ಟರು. ಬರೆದು ಮುಗಿಸಿದವರನ್ನು ನಾವು ವೇದಿಕೆಗೆ ಕರೆದು ಶಾಲು ಹೊದಿಸಲಿಲ್ಲ. ಗಾಡಿ ಇಳಿದು ಬಂದ ಗೆಳೆಯನ ಕೈಗೆ ಅವರೇ ಪಟ್ಟಿ ಕೊಟ್ಟರು, ಅಷ್ಟೇ. ಆ ಕ್ಷಣದಲ್ಲಿ ಆ ಇಬ್ಬರು ಹುಡುಗರ ಮುಖ ನೋಡಿದ ಮೇಲೆ ಬಹುಮಾನಗಳ ಬಗ್ಗೆ ನನ್ನ ನಂಬಿಕೆ ಪೂರ್ತಿ ಹೋಗಿದೆ.

ಇನ್ನು ಪೂಜ್ಯರಲ್ಲಿ ಒಂದು ವಿನಂತಿ. ಮಠಗಳು ನಮಗೆ ಫಲಕ ಕೊಡುವುದು ಬೇಡ, ನೋಟ್‌ಬುಕ್ಕಿನ ಮೇಲೆ ಫೋಟೋ ಅಚ್ಚು ಹಾಕಿಸಿ ಕೊಡುವುದೂ ಬೇಡ. ಜಾತ್ರೆಯ ದಾಸೋಹದಲ್ಲಿ ಸಾವಿರಾರು ಜನ ಉಣ್ಣುತ್ತಾರೆ. ಅಲ್ಲಿ ಉಣ್ಣಲು ಎಲ್ಲರಿಗೂ ಬಾಗಿಲು ತೆರೆದಿದೆ, ಅದು ನಮ್ಮ ಹೆಮ್ಮೆ. ಬಡಿಸುವ ಕೈಗಳು ಯಾರವು? ಅಡುಗೆಮನೆಯ ಒಳಗೆ ಹೋಗುವ ಕಾಲುಗಳು ಯಾರವು? ನಾನು ನೋಡಿದ ಮಟ್ಟಿಗೆ ಬಹಳ ಕಡೆ ಅವು ಕೆಲವೇ ಮನೆಗಳವು. ಈ ಸಲದ ಜಾತ್ರೆಗೆ ನಮ್ಮ ಆರನೆಯ ತರಗತಿಯ ಮಕ್ಕಳನ್ನು ಒಂದು ಹೊತ್ತು ಬಡಿಸಲು ಕರೆಯಿರಿ. ಬಡಿಸುವುದರಲ್ಲಿ ಅವರು ಪಳಗಿದ್ದಾರೆ, ಸಾರು ಚೆಲ್ಲುವುದಿಲ್ಲ. ನಾನು ಹಾಜರಿ ಪುಸ್ತಕದ ಕ್ರಮದಲ್ಲೇ ಕಳಿಸುತ್ತೇನೆ, ಹೆಸರು ಆರಿಸಿ ಕಳಿಸುವುದಿಲ್ಲ. ಯಾವ ಮಗು ಯಾವ ಓಣಿಯದೆಂದು ನೀವೂ ಕೇಳಬಾರದು. ಹಾಗೆ ಕರೆಯುವುದಾದರೆ ಶಾಲೆಗೆ ಒಂದು ದಿನ ಮೊದಲು ತಿಳಿಸಿದರೆ ಸಾಕು. ಬುಟ್ಟಿಗಳು ನಮ್ಮಲ್ಲೇ ಇವೆ.